ಜೀಪಿನ ನೆತ್ತಿಯ ಮೇಲೆ ತೊಟ್ಟಿಲು

ದಾರಿಯಲ್ಲಿ ಜೀಪು ಹೋದರೆ ಒಳಗೆ ಕುಳಿತವರ ಮುಖಕ್ಕಿಂತ ಮೊದಲು ನನ್ನ ಕಣ್ಣು ಹೋಗುವುದು ಅದರ ನೆತ್ತಿಯ ಕ್ಯಾರಿಯರ್‌ಗೆ, ಅಲ್ಲಿ ಬಿಗಿದ ಹಗ್ಗಕ್ಕೆ. ಮೂರನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದ ನನಗೆ ಅಕ್ಷರಗಳಿಗಿಂತ ಗಂಟುಗಳನ್ನೇ ಚೆನ್ನಾಗಿ ಓದಲು ಬರುತ್ತದೆ. ಜೋಳದ ಕಣಕಿ ಹೇರಿದ ಬಂಡಿಗೆ ಜೀವಮಾನವೆಲ್ಲ ಹಗ್ಗ ಬಿಗಿದ ಕೈ ಇದು. ಇದರ ಗರ್ವ ಎಲ್ಲಿಯವರೆಗೆ ಬಾಳಿತೆಂದು ಕೇಳಿದರೆ, ನಮ್ಮೂರು ಜೇವರ್ಗಿಯಿಂದ ಅತನೂರಿನವರೆಗೆ ಎಂದು ಖಚಿತವಾಗಿ ಹೇಳಬಲ್ಲೆ.

ಮೊಮ್ಮಗಳಿಗೆ ಆಗ ಐದು ತಿಂಗಳು. ನಮ್ಮ ವಂಶದ ಮೊದಲ ಮೊಮ್ಮಗಳು. ಅವಳು ಆಕಳಿಸಿದರೂ ಓಣಿಗೆಲ್ಲ ಹೇಳಿಬರುವಷ್ಟು ಹಿಗ್ಗು ನನಗೆ. ಮಗಳು ಶಾಂತಾ ಕೂಸಿನೊಂದಿಗೆ ನಿಂಬರ್ಗಾದ ಗಂಡನ ಮನೆಗೆ ಹೊರಟಾಗ ತವರಿನಿಂದ ತೊಟ್ಟಿಲೂ ಹೋಗಬೇಕು. ಬೀಗರ ಓಣಿ ನಿಂತು ನೋಡುವುದು ಅದನ್ನೇ. ಅದು ಗೀರೂ ಬೀಳದೆ ಮುಟ್ಟಬೇಕೆಂಬುದೊಂದೇ ನನ್ನ ಚಿಂತೆ.

ಬಾಡಿಗೆ ಜೀಪಿನ ಡ್ರೈವರ್ ಮಹಿಬೂಬ ಸಲಹೆ ಕೊಟ್ಟ: "ಕಾಕಾ, ಬೋರಲ ಹಾಕಿ ಬಿಗೀರಿ. ಅಳ್ಳಾಡಂಗಿಲ್ಲ."

"ಬೋರಲ ಹಾಕಾಕ ಅದೇನ ಕೋಳಿ ಮುಚ್ಚೋ ಬುಟ್ಟಿ ಏನೋ ತಮ್ಮಾ?" ಎಂದಳು ನನ್ನಾಕೆ.

ತೊಟ್ಟಿಲು ಅಂಗಾತವಾಗಿಯೇ ಏರಿತು. ಆಗ ಹೊಸ ಸಂಕಟ: ಖಾಲಿ ತೊಟ್ಟಿಲು ತೂಗಬಾರದು, ನಮ್ಮ ರಸ್ತೆ ತೂಗದೆ ಬಿಡದು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲನ್ನು ಮಲಗಿಸುವ ಪದ್ಧತಿ ನಮ್ಮದು. ಅದೇ ಕಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಳಗೆ ಮಲಗಿಸಿ, ತೊಟ್ಟಿಲಿಗೆ ನಾಲ್ಕು ಸುತ್ತು ಹಗ್ಗ ಬಿಗಿದೆ. ಕಲ್ಲನ್ನೂ ಬಿಗಿಯಬೇಕೆಂದು ಹೊಳೆಯಲಿಲ್ಲ. ಮಲಗಿದ ಕೂಸನ್ನು ಯಾರಾದರೂ ಕಟ್ಟಿಹಾಕುತ್ತಾರೆಯೇ?

ಅಫಜಲಪುರ ದಾಟುವವರೆಗೆ ತಗ್ಗು ಬಂದಾಗಲೆಲ್ಲ ತಲೆಯ ಮೇಲೆ ಗುಡುಗುಡು. ಮೊಮ್ಮಗಳು ಅದನ್ನೇ ಜೋಗುಳವೆಂದು ತಿಳಿದು ನಿದ್ದೆ ಹೋದಳು. ಅತನೂರಿನ ಹತ್ತಿರ ಸದ್ದು ನಿಂತಿತು, ಅವಳು ಅಳತೊಡಗಿದಳು. ಹತ್ತಿ ನೋಡಿದೆ. ನನ್ನ ಹಗ್ಗ ಎಳೆಯಷ್ಟೂ ಸಡಿಲಾಗಿರಲಿಲ್ಲ. ತೊಟ್ಟಿಲ ತಳದ ಹಲಗೆ ಮಾತ್ರ ಮುರಿದು, ಕಲ್ಲು ಕ್ಯಾರಿಯರಿನ ಸರಳುಗಳ ನಡುವೆ ಸಿಕ್ಕಿಕೊಂಡಿತ್ತು.

"ಈಗರ ಬೋರಲ ಹಾಕೂಣೇನ್ರಿ?" ಎಂದ ಮಹಿಬೂಬ. ಬೋರಲು ಹಾಕಿದರೆ ತೂತೇ ಮೊದಲು ಕಾಣುತ್ತಿತ್ತು. ಅಂಗಾತವಾಗಿಯೇ ನಿಂಬರ್ಗಾಕ್ಕೆ ಒಯ್ದೆವು.

ಬೀಗರ ಬಾಗಿಲಲ್ಲಿ ಓಣಿಯೇ ನೆರೆದಿತ್ತು. ಯಾರ ಕಣ್ಣಿಗಾದರೂ ಬೀಳುವ ಮೊದಲೇ ನಾನು ಜೀಪಿನ ಮೇಲೇರಿ ತೂತಿಗೆ ಅಡ್ಡ ನಿಂತು, ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ: "ಬೀಗತ್ಯಾರ, ಈ ತೊಟ್ಟಿಲ..."

ಶಾಂತಾಳ ಅತ್ತೆ ಆಗಲೇ ಕೂಸನ್ನು ಎದೆಗವಚಿಕೊಂಡಿದ್ದರು. ತಲೆ ಎತ್ತಲೂ ಇಲ್ಲ. "ತೊಟ್ಟಿಲ ಅಲ್ಲೇ ಇರಲಿ ಬಿಡ್ರಿ ಬೀಗರ. ಇಕಿನ್ನ ಕೆಳಗ ಬಿಡೋರು ಯಾರದಾರ ಇಲ್ಲಿ?"

ಕೂಸು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ ಒಳಗೆ ಹೋಯಿತು, ಓಣಿಯೂ ಅದರ ಹಿಂದೆ ಹೋಯಿತು. ಮೇಲೆ ನಾನೊಬ್ಬನೇ ಉಳಿದೆ. ಅಷ್ಟು ಗಟ್ಟಿಯಾಗಿ ಬಿಗಿದ ಗಂಟುಗಳನ್ನು, ಯಾವ ಅವಸರವೂ ಇಲ್ಲದೆ, ನಗುತ್ತ ಒಂದೊಂದಾಗಿ ಬಿಚ್ಚತೊಡಗಿದೆ.