ಇಟಲಿ ಸೋಲಲೆಂದು ಕಾದ ವರ್ಷ

ದೇವರ ಮುಂದೆ ನಿಂತು ಇನ್ನೊಬ್ಬರಿಗೆ ಕೆಟ್ಟದ್ದಾಗಲಿ ಎಂದು ಬೇಡಿಕೊಂಡವಳಲ್ಲ ನಾನು. ಅತ್ತೆ ಬದುಕಿದ್ದ ಕಾಲದಲ್ಲೂ ಬೇಡಿಕೊಳ್ಳಲಿಲ್ಲ. ಆ ಒಂದು ವರ್ಷ ಮಾತ್ರ, ಎಂದೂ ಕಣ್ಣಾರೆ ಕಾಣದ ಹನ್ನೊಂದು ಜನ ಗಂಡಸರು ಸೋತುಹೋಗಲಿ ಎಂದು ಬಿಡದೆ ಬೇಡಿಕೊಂಡೆ. ಅವರು ಇಟಲಿಯಲ್ಲಿ ಫುಟ್‌ಬಾಲ್ ಆಡುವವರು. ನಾನು ಪೀಣ್ಯ ಎರಡನೇ ಹಂತದ ಒಂದು ಗಾರ್ಮೆಂಟ್ಸ್‌ನಲ್ಲಿ ಅವರ ಅಂಗಿಗಳಿಗೆ ಬ್ಯಾಡ್ಜು ಕೂರಿಸುವವಳು.

ನಿಜ ಹೇಳಬೇಕೆಂದರೆ ಅವರು ತೊಡುವ ಅಂಗಿಯಲ್ಲ, ಅವರ ಅಭಿಮಾನಿಗಳು ಅಂಗಡಿಯಲ್ಲಿ ಕೊಂಡು ತೊಡುವ ಅಂಗಿ. ಆ ಕ್ಲಬ್ಬಿನ ಹೆಸರು ನಮ್ಮ ಯಾರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ. ಇಡೀ ಫ್ಲೋರಿಗೆ ಅದು ಬರೀ ಇಟಲಿ. ಇಟಲಿ ಬಂತಾ, ಇಟಲಿ ಪ್ಯಾಕ್ ಆಯ್ತಾ, ಇಟಲಿದು ಕಾಲರ್ ಸೊಟ್ಟ ಹೋಗಿದೆ, ಬಿಚ್ಚಿ. ಒಂದು ದೇಶವನ್ನೇ ಬಿಚ್ಚಿ ಹೊಲಿದವರು ನಾವು.

ಅವರ ವರ್ಷ ಆಗಸ್ಟಿನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಮುಂದಿನ ವರ್ಷದ ಅಂಗಿಗಳನ್ನು ಮಾತ್ರ ಈ ವರ್ಷದ ಆಟ ಮುಗಿಯುವ ಮೊದಲೇ ಹೊಲಿದಿಡಬೇಕು. ಇಲ್ಲೊಂದು ತೊಡಕು. ಅಲ್ಲಿನ ಲೀಗ್ ಗೆದ್ದ ತಂಡ ಮುಂದಿನ ಇಡೀ ವರ್ಷ ಎದೆಯ ಮೇಲೆ ಮೂರು ಬಣ್ಣದ ಒಂದು ಪುಟ್ಟ ಗುರಾಣಿ ಹಾಕಿಕೊಳ್ಳುತ್ತದೆ. ಅವರ ದೇಶದ ಕಪ್ ಗೆದ್ದರೆ ಒಂದು ದುಂಡನೆಯ ಬಿಲ್ಲೆ. ಯುರೋಪಿನ ತಂಡಗಳನ್ನೆಲ್ಲ ಸೋಲಿಸಿ ಬಂದರೆ ತೋಳಿನ ಮೇಲೆ ಬೇರೆಯದೇ ಒಂದು ಪಟ್ಟಿ. ಸೋತರೆ ಏನೂ ಇಲ್ಲ, ಎದೆ ಖಾಲಿ. ಹಾಗಾಗಿ ಹೊಲಿದು, ಇಸ್ತ್ರಿ ಮಾಡಿ, ಮಡಿಸಿದ ಅಂಗಿಗಳು ಬಾಯಿ ತೆರೆದ ಪೆಟ್ಟಿಗೆಗಳಲ್ಲಿ ನನ್ನ ಟೇಬಲ್ಲಿನ ಹಿಂದೆ ಗೋಡೆಯುದ್ದಕ್ಕೂ ಕಾಯುತ್ತಿದ್ದವು. ಗೆದ್ದರೆ ಪ್ರತಿಯೊಂದನ್ನೂ ಹೊರಗೆ ತೆಗೆದು ಬ್ಯಾಡ್ಜು ಒತ್ತಬೇಕು, ಅದೂ ಹಡಗು ಹೊರಡುವುದರೊಳಗೆ. ಸೋತರೆ ಪೆಟ್ಟಿಗೆಗೆ ಟೇಪ್ ಎಳೆದರೆ ಮುಗಿಯಿತು.

ಆ ಗುರಾಣಿ ದಪ್ಪ. ಪ್ರೆಸ್ಸಿನ ಬಿಸಿ ಚೂರು ಹೆಚ್ಚಾದರೆ ಬಟ್ಟೆಯ ಹೊಳಪು ಸುಟ್ಟು ಕರೆ ಬೀಳುತ್ತದೆ, ಕಡಿಮೆಯಾದರೆ ಎರಡು ಒಗೆತಕ್ಕೆ ಕಿತ್ತುಬರುತ್ತದೆ. ಅದರಲ್ಲಿ ಕೈ ಪಳಗಿದವರು ಫ್ಲೋರಿನಲ್ಲಿ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ನನ್ನ ಎದುರಿನ ಪ್ರೆಸ್ಸಿನಲ್ಲಿ ನಿಲ್ಲುವ ಯಾದಗಿರಿ ಕಡೆಯ ಹೆಂಗಸು, ನನಗಿಂತ ಚಿಕ್ಕವಳು. ಇಬ್ಬರೂ ದಿನವಿಡೀ ನಿಂತೇ ಇರುತ್ತಿದ್ದೆವು. ಪ್ರೆಸ್ಸಿನ ಝಳಕ್ಕೆ ಮುಖ ಒಣಗಿ ಬಿಗಿಯುತ್ತಿತ್ತು. ಸಂಜೆ ಲಗ್ಗೆರೆಯ ಮನೆಗೆ ಹೋಗಿ ಚಪ್ಪಲಿ ಬಿಟ್ಟರೆ ಪಾದದ ಮೇಲೆ ಅದರ ಪಟ್ಟಿಯ ಗುರುತು ಆಳವಾಗಿ ಕೂತಿರುತ್ತಿತ್ತು. ಎಷ್ಟೋ ದಿನ ಅನ್ನಕ್ಕೆ ಇಟ್ಟು ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋಗಿ, ತಳ ಹಿಡಿದ ವಾಸನೆಗೆ ಎಚ್ಚರವಾಗಿದ್ದೇನೆ.

ಅಂಥ ವರ್ಷದಲ್ಲಿ ಮಗಳು ಬಸುರಿಯಾದಳು. ನನಗಿರುವುದು ಅವಳೊಬ್ಬಳೇ. ಅವಳ ಅಪ್ಪ ಅವಳು ಅಂಬೆಗಾಲಿಡುವಾಗಲೇ ಹೋದರು. ಅವಳನ್ನು ಕೊಟ್ಟಿರುವುದು ಕುಣಿಗಲ್ ಕಡೆಗೆ. ಚೊಚ್ಚಲ ಹೆರಿಗೆ ತವರಿನದು. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತವರು ಎಂದರೆ ನಮ್ಮದು ಒಂದು ರೂಮು, ಒಂದು ಅಡುಗೆಮನೆ, ವಠಾರದ ಎಲ್ಲರಿಗೂ ಸೇರಿದ ಒಂದು ಬಚ್ಚಲು. ಪರವಾಗಿಲ್ಲ, ನೀರು ಕಾಯಿಸಿ ಎರೆಯಲು ಅಷ್ಟು ಸಾಕು. ಬೇಕಾದದ್ದು ನಾನು ಮನೆಯಲ್ಲಿರುವುದು. ಜೂನ್ ತಿಂಗಳು ಪೂರ್ತಿ ನಾನು ಮನೆಯಲ್ಲಿದ್ದು ಅವಳ ಬಾಣಂತನ ಮಾಡಬೇಕು. ಅದೊಂದೇ ಆಸೆ ಇಟ್ಟುಕೊಂಡಿದ್ದೆ. ಬೇರೆ ಆಸೆ ಪಡುವಷ್ಟು ಶಕ್ತಿಯೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಫ್ಲೋರ್ ಇನ್‌ಚಾರ್ಜ್ ಹತ್ತಿರ ರಜೆ ಕೇಳಿದೆ. ಅತ್ತಿಬೆಲೆ ಕಡೆಯ ಮನುಷ್ಯ. ಕೆಟ್ಟವನಲ್ಲ, ನಮ್ಮಷ್ಟೇ ಸುಸ್ತಾದವನು. ಮೇಲಿನವರ ಕೈಲಿ ಬೈಸಿಕೊಂಡು ಬಂದು ನಮ್ಮನ್ನು ಬೈಯುತ್ತಿದ್ದ, ಆದರೆ ಬೈಸಿಕೊಂಡಷ್ಟೂ ಬೈಯುತ್ತಿರಲಿಲ್ಲ. ಫೋನ್ ತೆಗೆದು ಏನೋ ನೋಡಿ ತಲೆ ಕೆರೆದುಕೊಂಡ.

"ಇಟಲಿ ಗೆದ್ರೆ ರಜಾ ಇಲ್ಲ. ಸೋತ್ರೆ ಒಂದು ತಿಂಗಳು ಆರಾಮಾಗಿ ತಗೊಳ್ಳಿ. ಇದು ನನ್ ಕೈಲಿಲ್ಲಮ್ಮ, ಅವರ ಕಾಲಲ್ಲಿದೆ" ಎಂದ.

ಅಂದಿನಿಂದ ನಾನೂ ಆ ಆಟದ ಜಾತಕ ನೋಡಲು ಶುರು ಮಾಡಿದೆ. ಅದುವರೆಗೆ ಅವರದು ಸಾಧಾರಣ ವರ್ಷ, ಒಂದು ಗೆದ್ದರೆ ಒಂದು ಸೋಲುತ್ತಿದ್ದರಂತೆ. ನಾನು ರಜೆ ಕೇಳಿದ್ದೇ ತಡ, ಗೆಲ್ಲಲು ಹಿಡಿದರು. ಫೆಬ್ರವರಿ ಪೂರ್ತಿ ಗೆದ್ದರು. ಸೋಮವಾರ ಬೆಳಿಗ್ಗೆ ಇನ್‌ಚಾರ್ಜ್ ಫ್ಲೋರಿಗೆ ಬಂದು ಹೆಬ್ಬೆರಳು ಎತ್ತಿದರೆ ಲೈನಿನವರೆಲ್ಲ ನಗುತ್ತಿದ್ದರು. ಗೆದ್ದರೆ ಎಲ್ಲರಿಗೂ ಓಟಿ, ಹೆಚ್ಚಿನ ಹೊತ್ತು ದುಡಿದದ್ದರ ಕೂಲಿ, ಸಿಗುತ್ತದೆ. ಆ ಕಡೆಯ ಕಾಲರ್ ಹೊಲಿಯುವವಳಿಂದ ಈ ಕಡೆಯ ದಾರ ಕತ್ತರಿಸುವವಳವರೆಗೆ ಎಲ್ಲರಿಗೂ ಇಟಲಿ ಗೆಲ್ಲಬೇಕಿತ್ತು. ನಾನೂ ಹಲ್ಲು ಕಿರಿಯುತ್ತಿದ್ದೆ.

ಗೇಟಿನ ಪಕ್ಕದಲ್ಲಿ ಕಂಪನಿಯವರು ಕಟ್ಟಿಸಿದ ಗಣಪತಿ ಗುಡಿಯಿದೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಚಿಕ್ಕದು. ಯಾದಗಿರಿಯವಳು ಮಂಗಳವಾರ ಮಂಗಳವಾರ ಅಲ್ಲಿ ಕಾಯಿ ಒಡೆಸುತ್ತಿದ್ದಳು. ಊರಲ್ಲಿ ಮನೆಗೆ ಗೋಡೆ ಎದ್ದು ಚಾವಣಿಗೆ ನಿಂತಿತ್ತು, ಮಳೆಗಾಲಕ್ಕೆ ಮೊದಲು ಮುಚ್ಚಬೇಕಿತ್ತು. ಅದಕ್ಕೆ ಅವಳಿಗೆ ಓಟಿ ಬೇಕು, ಓಟಿಗೆ ಇಟಲಿ ಗೆಲ್ಲಬೇಕು. ಅವಳ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು ನಾನು ಸೋಲು ಬೇಡುತ್ತಿದ್ದೆ. ಗಣಪತಿಗೂ ತಲೆಚಿಟ್ಟು ಹಿಡಿದಿರಬೇಕು. ಅವಳು ಒಡೆಸಿದ ಕಾಯಿಯ ಚೂರನ್ನು ನನಗೂ ಕೊಡುತ್ತಿದ್ದಳು, ನಾನು ತಿನ್ನುತ್ತಿದ್ದೆ.

ಏಪ್ರಿಲ್ ಕೊನೆಗೆ ಯುರೋಪಿನ ಪಂದ್ಯ. ಸೆಮಿಫೈನಲ್ಲಿನಲ್ಲಿ, ಬೇರೆ ಯಾವುದೋ ದೇಶಕ್ಕೆ ಹೋಗಿ ಆಡಿ, ಕೊನೆಗೆ ಒಬ್ಬೊಬ್ಬರಾಗಿ ಚೆಂಡು ಒದೆಯುವ ಸರದಿಯಲ್ಲಿ ಸೋತು ಬಂದರು. ತೋಳಿನ ಪಟ್ಟಿ ಹೋಯಿತು. ಮೇ ತಿಂಗಳ ನಡುವೆ ಅವರ ದೇಶದ ಕಪ್ಪಿನ ಫೈನಲ್. ಅದನ್ನೂ ಸೋತರು, ದುಂಡನೆಯ ಬಿಲ್ಲೆಯೂ ಹೋಯಿತು. ಅವತ್ತು ಇನ್‌ಚಾರ್ಜ್ ಬಂದು ಹೆಬ್ಬೆರಳನ್ನು ಕೆಳಗೆ ತೋರಿಸಿದಾಗ ನನ್ನ ಬಾಯಿಂದ ಸದ್ಯ ಎನ್ನುವ ಮಾತು ಬಂದೇಬಿಟ್ಟಿತು. ಎದುರಿನ ಪ್ರೆಸ್ಸಿನವಳಿಗೆ ಕೇಳಿಸಿತು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿದಳು.

"ಅಕ್ಕಾ, ಖರೇ ಹೇಳು. ಗುಡಿ ಮುಂದ ನಿಂತು ನೀ ಏನ್ ಬೇಡ್ಕೋತಿ?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೊಸೆಯುವುದಕ್ಕೂ ಮೈಯಲ್ಲಿ ಕಸುವು ಬೇಕು. ಇದ್ದದ್ದನ್ನು ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದಳು. ಎರಡು ದಿನ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ತಾನಾಗಿಯೇ ಬಂದು ನನ್ನ ಡಬ್ಬಿಗೆ ಶೇಂಗಾ ಚಟ್ನಿ ಹಾಕಿ, ಮಗಳಿಗೆ ಎಷ್ಟನೇ ತಿಂಗಳು ಎಂದು ಕೇಳಿದಳು. ಆದರೂ ನಾನು ಬೇಡುವುದನ್ನು ಬಿಡಲಿಲ್ಲ.

ಇಷ್ಟರಲ್ಲಿ ಸೀಮಂತ ಮುಗಿಸಿಕೊಂಡು ಮಗಳು ಮನೆಗೆ ಬಂದಿದ್ದಳು. ರಜೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಸಿಕ್ಕ ಮೇಲೆ ಹೇಳೋಣ, ಸಿಗದಿದ್ದರೆ ಇಬ್ಬರಿಗೂ ಬೇಜಾರು ಎಂದು ಸುಮ್ಮನಿದ್ದೆ. ಅವಳೂ ಏನೂ ಕೇಳಲಿಲ್ಲ. ನಾನು ಬರುವ ಹೊತ್ತಿಗೆ ಆ ದಪ್ಪ ಹೊಟ್ಟೆ ಹೊತ್ತುಕೊಂಡೇ ಅಡುಗೆ ಮಾಡಿಟ್ಟಿರುತ್ತಿದ್ದಳು. ಬೇಡ ಎಂದರೂ ಕೇಳುತ್ತಿರಲಿಲ್ಲ. ಬಸುರಿಯ ಕೈಯಡುಗೆ ಉಂಡು ಅವಳಿಗಿಂತ ಮೊದಲು ಮಲಗುವ ತಾಯಿ ನಾನು. ನಾಚಿಕೆಯಾಗುತ್ತಿತ್ತು, ಆದರೂ ಮಲಗುತ್ತಿದ್ದೆ.

ಉಳಿದದ್ದು ಲೀಗು, ಎದೆಯ ಗುರಾಣಿ. ಅದು ಕೊನೆಯ ಪಂದ್ಯದವರೆಗೂ ಎಳೆದುಕೊಂಡು ಹೋಯಿತು. ಭಾನುವಾರ ಸಂಜೆ ಇತ್ತು. ನಮ್ಮವರು ಗೆದ್ದರೆ ಲೀಗು ಅವರದೇ, ಬರೀ ಸಮ ಮಾಡಿಕೊಂಡರೆ ಬೇರೆಯವರದು. ಇಷ್ಟನ್ನು ಇನ್‌ಚಾರ್ಜ್ ಶನಿವಾರವೇ ಎಲ್ಲರಿಗೂ ಬಿಡಿಸಿ ಹೇಳಿದ್ದ. ಮಗಳಿಗೆ ಫೋನಿನಲ್ಲಿ ಆ ಆಟ ಹಾಕಿಕೊಡು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಧಾರಾವಾಹಿ ನೋಡುವಾಗಲೂ ತೂಕಡಿಸುವ ಅಮ್ಮನಿಗೆ ಇದೇನು ಬಂತು ಎಂದುಕೊಂಡಿರಬೇಕು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು ಇಬ್ಬರೂ ಚಾಪೆಯ ಮೇಲೆ ಕೂತೆವು.

ನಮ್ಮ ಫ್ಲೋರಿನಲ್ಲಿ ಹೊಲಿಯುವಂಥದೇ ಅಂಗಿ ತೊಟ್ಟು ಜನ ಓಡುವುದನ್ನು ಮೊದಲ ಸಲ ನೋಡಿದೆ. ಗ್ಯಾಲರಿಯ ತುಂಬ ಅದೇ ಅಂಗಿ. ಆಟದ ತಲೆಬುಡ ತಿಳಿಯಲಿಲ್ಲ. ನಮ್ಮವರೇ ಮೊದಲು ಒಂದು ಗೋಲು ಹೊಡೆದರು. ಅಷ್ಟೂ ಪೆಟ್ಟಿಗೆ ಕಣ್ಣ ಮುಂದೆ ಬಂದವು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಎದುರಿನವನೊಬ್ಬ ಜನರ ನಡುವಿನಿಂದ ತಲೆ ಕೊಟ್ಟು ಚೆಂಡನ್ನು ಬಲೆಯೊಳಗೆ ಹಾಕಿದ. ಸಮ. ಶಿಳ್ಳೆ ಊದುವವರೆಗೂ ಅದು ಸಮವೇ ಉಳಿಯಿತು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಲ್ಲಿ ಮೈದಾನದಲ್ಲಿ ಒಬ್ಬ ಆಟಗಾರ ಅಂಗಿಯ ಕತ್ತನ್ನು ಮುಖದ ಮೇಲೆ ಎಳೆದುಕೊಂಡು ಅವನೂ ಅಳುತ್ತಿದ್ದ.

ಇದಕ್ಕೆ ಯಾರಾದರೂ ಅಳುತ್ತಾರಾ ಎಂದಳು ಮಗಳು. ಆಗ ಹೇಳಿದೆ, ಎಲ್ಲವನ್ನೂ. ಗುರಾಣಿ, ಪೆಟ್ಟಿಗೆ, ಗಣಪತಿ, ಜೂನ್ ತಿಂಗಳು. ಒಂದು ತಿಂಗಳು ಮನೆಯಲ್ಲೇ ಇರ್ತೀನಿ ಎಂದೆ. ಅವಳು ಕುಣಿದಾಡುತ್ತಾಳೆ ಎಂದೇನೂ ಅಲ್ಲ, ಕೊಂಚ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಚಾಪೆಯ ಅಂಚನ್ನು ಕೆದಕುತ್ತಾ ಕೂತಳು.

"ಅತ್ತೆಗೆ ಹೇಳ್ಬಿಟ್ಟಿದ್ದೀನಮ್ಮ. ಬುಧವಾರ ಬಂದು ಕರ್ಕೊಂಡು ಹೋಗ್ತಾರೆ. ಅಲ್ಲೇ ಆಸ್ಪತ್ರೇಲೂ ಮಾತಾಡಿದ್ದಾರೆ."

ಯಾವಾಗ ಹೇಳಿದೆ ಎಂದು ಕೇಳಿದೆ. ಸೀಮಂತಕ್ಕೂ ಮುಂಚೆಯೇ ಎಂದಳು. ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಎಂದೆ.

"ನೀನು ರಜಾ ಕೇಳ್ತೀಯ ಅಂತ ನಂಗೆ ಹೊಳೀಲೇ ಇಲ್ಲ. ನಾನು ದೊಡ್ಡವಳಾದಾಗ್ಲೂ ಮನೆ ಓನರ್ ಆಂಟಿನೇ ತಾನೆ ನೀರು ಹಾಕಿ ಕೂರಿಸಿದ್ದು" ಎಂದಳು.

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ತಿರುಗಿಸಿ ಹೇಳುತ್ತಿದ್ದೆ. ಅವಳು ಬಸ್ಸಿನ ನಂಬರು ಹೇಳಿದಂತೆ ಹೇಳಿದಳು. ಐದು ತಿಂಗಳು ಒಂದು ಫ್ಲೋರಿನ ಅನ್ನಕ್ಕೆ ಅಡ್ಡ ನಿಂತು ನಾನು ಯಾವುದಕ್ಕಾಗಿ ಬೇಡಿಕೊಂಡಿದ್ದೆನೋ ಅದನ್ನು ಇವಳು ಒಂದು ದಿನವೂ ನನ್ನಿಂದ ನಿರೀಕ್ಷಿಸಿರಲಿಲ್ಲ. ಹೋಗಬೇಡ ಕಣೇ ಎಂದೆ. ಮಗಳನ್ನು ಹಾಗೆ ಅಂಗಲಾಚಿದ್ದು ಅದೇ ಮೊದಲು.

ರಜೆ ನಿಜವಾಗಿಯೂ ಕೊಟ್ಟಿದ್ದಾರಾ, ಇಲ್ಲ ಕೊನೆ ಗಳಿಗೆಯಲ್ಲಿ ಬಾ ಅಂತಾರಾ ಎಂದಳು. ನಾನು ಇನ್‌ಚಾರ್ಜಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ, ಅವಳೂ ಕೇಳಿಸಿಕೊಳ್ಳಲಿ ಎಂದು. ಅವನ ದನಿ ನಿದ್ದೆಯಿಂದ ಎದ್ದವನ ದನಿಯಂತಿತ್ತು.

"ತಗೊಳ್ಳಿ ಅಮ್ಮ, ನಿಮಗೊಬ್ಬರಿಗೇ ಅಲ್ಲ. ನಾಳೆ ಟೇಪ್ ಹಾಕಿದ್ರೆ ಮುಗೀತು, ಬೇರೆ ಆರ್ಡರ್ ಜುಲೈಗೇ ಬರೋದು. ಲೈನ್‌ಗೇ ರಜಾ ಅಂತ ಮೇಲಿನವರು ಹೇಳಿದ್ದಾರೆ. ಸಂಬಳ ಇಲ್ದಿರೋ ರಜಾ."

ಆಗಲಿ ಸಾರ್ ಎಂದು ಫೋನ್ ಇಟ್ಟೆ. ಯಾದಗಿರಿಯವಳಿಗೆ ಇದು ಇನ್ನೂ ಗೊತ್ತಿರಲಾರದು. ನಾಳೆ ಅವಳ ಎದುರಿಗೇ ನಿಂತು ಆ ಪೆಟ್ಟಿಗೆಗಳನ್ನು ಮುಚ್ಚಬೇಕು. ಅವಳ ಮುಖ ಹೇಗೆ ನೋಡುವುದು ಎಂದು ಯೋಚಿಸುವಷ್ಟರಲ್ಲಿ ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಗೋಡೆ ಹಿಡಿದು ಎದ್ದು, ಬಾಗಿಲ ಬಳಿ ಹೋಗಿ, ಕುಣಿಗಲ್ಲಿಗೆ ಫೋನ್ ಮಾಡಿದಳು.

"ಅತ್ತೆ, ನೀವು ಬುಧವಾರ ಬರೋದು ಬೇಡ. ಇಲ್ಲೇ ಆಗ್ಲಿ. ಅಮ್ಮ ಮನೇಲೇ ಇರ್ತಾರಂತೆ."

ಆ ಕಡೆಯಿಂದ ಅವರು ಏನೋ ಕೇಳಿದರು. ಮಗಳು ಒಮ್ಮೆ ತಿರುಗಿ, ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ನನ್ನನ್ನು ನೋಡಿದಳು.

"ಹೂಂ ಅತ್ತೆ, ನಾನೂ ಎರಡೆರಡು ಸಲ ಕೇಳ್ದೆ" ಎಂದಳು. "ಇರ್ತಾರಂತೆ."