ಮನೆದೇವರ ಹೆಸರಿಗೆ ಮೂರು ಬಾಲ

ವೆಬ್‌ಸೈಟ್ ಮಾಡಿಕೊಡುವವನ ಫೋನ್ ಬಂದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. "ಸಾರ್, ಹೊಸ ಎಕ್ಸ್‌ಟೆನ್ಷನ್ ಬಂದಿದೆ. ನೀವು ತಗೊಳ್ದಿದ್ರೆ ಬೇರೆಯವ್ರು ತಗೋತಾರೆ." ಇಂಟರ್ನೆಟ್ಟಿನಲ್ಲಿ ಅಂಗಡಿಯ ಹೆಸರಿಗೆ ಅಂಟಿಸುವ ಬಾಲಗಳು ಅವು. ಕಾಮ್ ಆಯಿತು, ಶಾಪ್ ಆಯಿತು, ಆಮೇಲೆ ಸ್ಟೋರ್ ಅಂದ. ಶಿಕಾರಿಪುರದಲ್ಲಿ ಕಂಬಳಿ ಮಾರುವವನಿಗೆ ಎಷ್ಟು ಬಾಲ ಬೇಕು? ಕುರಿಗೇ ಒಂದು ಸಾಕು.

ನಮ್ಮ ಹಿರಿಯರದೂ ತಪ್ಪಿದೆ. ಅಪ್ಪ, ಚಿಕ್ಕಪ್ಪ ಹಿಸ್ಸೆಯಾದಾಗ ತಕ್ಕಡಿ, ಗಲ್ಲಾಪೆಟ್ಟಿಗೆ, ಉಣ್ಣೆಯ ಮೂಟೆಗಳವರೆಗೂ ಹಂಚಿಕೊಂಡರು. ಅಂಗಡಿಯ ಹೆಸರು ಮಾತ್ರ ಮನೆದೇವರದು. ದೇವರನ್ನು ಹಿಸ್ಸೆ ಮಾಡಬಾರದೆಂದು ಪಂಚರು ಅದನ್ನು ಇಬ್ಬರಿಗೂ ಬಿಟ್ಟರು. ನಮ್ಮ ಅಂಗಡಿ ಶಿಕಾರಿಪುರದಲ್ಲಿ, ಚಿಕ್ಕಪ್ಪನದು ಸೊರಬದಲ್ಲಿ. ಬೋರ್ಡು ಒಂದೇ ಆದರೂ ಊರು ಬೇರೆಯಾದ್ದರಿಂದ ಯಾರಿಗೂ ಗೊಂದಲವಿರಲಿಲ್ಲ.

ಆಮೇಲೆ ಕಂಬಳಿಯನ್ನೂ ಫೋನಿನಲ್ಲೇ ಕೊಳ್ಳುವ ಕಾಲ ಬಂತು. ಚಿಕ್ಕಪ್ಪನ ಮಗ ಮೊದಲೇ ಹೋಗಿ ಡಾಟ್ ಕಾಮ್ ಹಿಡಿದುಬಿಟ್ಟ. ನನಗೆ ಸಿಕ್ಕಿದ್ದು ಡಾಟ್ ಶಾಪ್. ಅದನ್ನು ಬೋರ್ಡಿಗೆ, ಚೀಲಕ್ಕೆ, ಬಿಲ್ಲಿಗೆಲ್ಲ ಹಾಕಿಸಿದೆ. ಏನು ಬಂತು? ಗಿರಾಕಿಗಳ ಬೆರಳು ತಾನಾಗಿಯೇ ಕಾಮ್ ಒತ್ತುತ್ತದೆ. ಅಂಜನಾಪುರದ ಕಡೆಯ ಹಳೇ ಗಿರಾಕಿಗಳೂ ನನ್ನ ಅಂಗಡಿಯೆಂದುಕೊಂಡು ಸೊರಬಕ್ಕೆ ಆರ್ಡರ್ ಹಾಕತೊಡಗಿದರು. ನನ್ನ ಕಂಬಳಿಗಳು ಮಡಿಸಿಟ್ಟ ಹಾಗೇ ಉಳಿದವು. ಹೀಗಾಗುತ್ತಿದೆ ಎಂದು ಅವನು ಒಂದು ಮಾತಾದರೂ ಹೇಳಬಾರದೇ? ಅಂಗಡಿ ಮುಚ್ಚುವ ಗತಿ ಬಂದಾಗ ಜಗಳಕ್ಕೆಂದೇ ಸೊರಬದ ಬಸ್ಸು ಹತ್ತಿದೆ.

ಹೋದರೆ ಅಲ್ಲಿ ಚಂದ್ರಗುತ್ತಿಯ ಹಿರಿಯರೊಬ್ಬರು ಗಲ್ಲಾದ ಮುಂದೆ ಕಂಬಳಿ ಎಸೆದು ಬೈಯುತ್ತಿದ್ದರು. "ಗದ್ದುಗೆಗೆ ಹಾಸೋ ಕಂಬಳಿ ಕಣ್ರೀ! ದೇವ್ರ ಹೆಸ್ರಿಟ್ಕಂಡು ಇಂಥದ್ದು ಕೊಡ್ತೀರಲ್ಲ, ನಾಚ್ಕೆ ಆಗಲ್ವಾ?"

ಚಿಕ್ಕಪ್ಪನ ಮಗ ಒಳಗಿಂದ ಒಳ್ಳೆಯ ಕರಿ ಕಂಬಳಿ ತಂದುಕೊಟ್ಟು, ಕೈಮುಗಿದು ಕಳಿಸಿದ.

ಅವರು ಬಿಟ್ಟುಹೋದ ಕಂಬಳಿಯ ಒಂದೆಳೆ ಕಿತ್ತು ಕಡ್ಡಿ ಗೀರಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕರಗಿ ಬೆರಳಿಗೆ ಅಂಟಿತು.

"ಥೂ, ಇಂಥದ್ದು ಮಾರ್ತಿದೀಯೇನೋ?" ಎಂದು ಗದರಿದೆ.

ಅವನು ನನ್ನ ಮುಖವನ್ನೇ ನೋಡಿದ. "ಇದು ನಿಂದಲ್ವಾ ಅಣ್ಣ?"

ಆ ಗಿರಾಕಿ ಚೀಲವನ್ನೂ ಬಿಟ್ಟುಹೋಗಿದ್ದರು. ತಿರುಗಿಸಿ ನೋಡಿದರೆ ನಮ್ಮದೇ ಮನೆದೇವರ ಹೆಸರು, ಅದರ ಹಿಂದೆ ಡಾಟ್ ಸ್ಟೋರ್, ಕೆಳಗೆ ಯಾವುದೋ ದೂರದ ಊರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುವುದು ಇದಕ್ಕೇ. ನಾವು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತಿದ್ದಾಗ ಅವನು ಹಿತ್ತಿಲ ಬಾಗಿಲಿಂದ ನುಗ್ಗಿದ್ದ.

"ನಂದು ಅಂದ್ಕಂಡಿದ್ರೆ ನನ್ನನ್ನೇ ಕೇಳ್ಬಾರ್ದಿತ್ತಾ?" ಎಂದು ರೇಗಿದೆ.

ಅವನು ಒಳಕೋಣೆಯ ಬಾಗಿಲು ತೆಗೆದ. ಗೋಡೆಯುದ್ದಕ್ಕೂ ಅಂಥವೇ ಕಂಬಳಿಗಳ ರಾಶಿ.

"ಹೆಂಗ್ ಕೇಳ್ಲಿ ಅಣ್ಣ? ಬಂದೋರೆಲ್ಲ ದೇವ್ರ ಹೆಸ್ರು ಹೇಳ್ಕಂಡು ಬರೀ ಕಂಬಳಿ ತರೋರು, ಚೀಲ ತರ್ತಿರ್ಲಿಲ್ಲ. ವ್ಯಾಪಾರ ಬಿದ್ದು ಕಷ್ಟಕ್ಕೆ ಹಿಂಗ್ ಮಾಡ್ತಿದೀಯ ಅಂದ್ಕಂಡೆ. ವಾಪಸ್ ತಂದೋರಿಗೆಲ್ಲ ನಮ್ದು ಕೊಟ್ಟು ಕಳಿಸ್ದೆ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, ಆ ರಾಶಿಯ ಕಂಬಳಿಗಳನ್ನು ಒಂದೊಂದಾಗಿ ಎಣಿಸತೊಡಗಿದೆ.