ಸಮತಟ್ಟಾದ ಊರಿನ ಕಾಲೇಜು

ವಿದೇಶದಲ್ಲಿ ಎಂಬಿಎ ಓದಲು ಹೊರಟವರು ಕೇಳುವ ಪ್ರಶ್ನೆಗಳೆಲ್ಲ ಗುಬ್ಬಿಗೆ ಬಾಯಿಪಾಠವಾಗಿದ್ದವು. ಆ ಕಾಲೇಜಿಗೆ ಎಷ್ಟನೇ ಸ್ಥಾನ, ಓದು ಮುಗಿದ ಮೇಲೆ ಯಾವ ಕಂಪನಿಗಳು ಬಂದು ಆರಿಸಿಕೊಳ್ಳುತ್ತವೆ, ಅಲ್ಲೇ ಉಳಿದು ಕೆಲಸ ಹುಡುಕಲು ಎಷ್ಟು ಕಾಲ ಬಿಡುತ್ತಾರೆ. ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿದಾಗ ಅವಳೂ ಇದನ್ನೆಲ್ಲ ಕೇಳುತ್ತಿದ್ದಳು. ಕೇಳಿ ಮುಗಿದು ಇನ್ನೇನು ಫೋನ್ ಇಡಬೇಕು ಅನ್ನುವಾಗ, ಆಗಷ್ಟೇ ನೆನಪಾದವಳಂತೆ, "ಅಂದ ಹಾಗೆ, ಚಳಿಗಾಲದಲ್ಲಿ ಅಲ್ಲಿ ಎಷ್ಟು ಹೊತ್ತಿಗೆ ಕತ್ತಲಾಗತ್ತೆ?" ಎನ್ನುತ್ತಿದ್ದಳು.

ಹೆಚ್ಚಿನವರು ನಗುತ್ತಿದ್ದರು. "ಚಳಿಗೆ ಹೆದರ್ಕೋಬೇಡಿ, ರೂಢಿ ಆಗತ್ತೆ" ಎಂದು ಧೈರ್ಯ ಹೇಳುತ್ತಿದ್ದರು. ಕ್ಲಾಸಿನಿಂದ ಲೈಬ್ರರಿಗೆ ಹೋಗುವ ದಾರಿಯಲ್ಲಿ ಮೆಟ್ಟಿಲಿದೆಯಾ, ದಾರಿದೀಪ ಇದೆಯಾ ಎಂದೆಲ್ಲ ಕೆದಕಿದಾಗ ಒಬ್ಬ ಮಾತ್ರ ರೇಗಿಬಿಟ್ಟ.

"ನೀವು ಓದೋಕೆ ಬರ್ತಿದೀರಾ, ಮನೆ ಕೊಂಡ್ಕೊಳ್ಳೋಕೆ ಬರ್ತಿದೀರಾ?"

ಗುಬ್ಬಿ ಎಂಬುದು ಅಣ್ಣ ಇಟ್ಟ ಹೆಸರು. ಚಿಕ್ಕವಳಿದ್ದಾಗಲೇ ಅವಳು ಏನನ್ನಾದರೂ ನೋಡಬೇಕಾದರೆ ಕತ್ತು ಓರೆ ಮಾಡಿ, ಗಲ್ಲ ಮುಂದೆ ಚಾಚಿ ನೋಡುತ್ತಿದ್ದಳು. ಔಷಧಿ ಬಾಟಲಿ ತಯಾರಿಸುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದಾಗ ಆ ಹೆಸರೂ ಜೊತೆಗೆ ಬಂತು. ಅದೇ ಕಾರ್ಖಾನೆಯ ಬಸ್ಸಿಗೆ ಅಣ್ಣನೇ ಡ್ರೈವರ್. "ಗುಬ್ಬೀ, ಹತ್ತು ಬೇಗ!" ಎಂದು ಅವನು ಬಸ್ಸಿನಿಂದ ಕೂಗುವುದನ್ನು ಇಡೀ ಶಿಫ್ಟು ಕೇಳಿತ್ತು. ರವಾನೆ ವಿಭಾಗದಲ್ಲಿ ಕೂತು, ಯಾವ ಲಾರಿ ಯಾವ ಬಂದರಿಗೆ, ಯಾವ ಮಾಲು ಯಾವ ಹಡಗಿಗೆ ಎಂದು ಹೊಂದಿಸುವುದು ಅವಳ ಕೆಲಸ. ಮೂವತ್ತು ದಾಟಿದ್ದಳು. ಮದುವೆಯ ಮಾತೆತ್ತಿದವರಿಗೆಲ್ಲ ಓದಿನ ನೆಪ ಹೇಳುತ್ತ ಬಂದಿದ್ದಳು.

ನೆಪದ ಹಿಂದಿದ್ದದ್ದು ಕಣ್ಣಿನ ಡಾಕ್ಟರು ಹೇಳಿದ ಮಾತು. "ನೋಟ ಅಂಚಿನಿಂದ ಒಳಗೆ ಕುಗ್ಗುತ್ತಾ ಬರ್ತಿದೆ. ಮೊದಲು ಮಬ್ಬು ಬೆಳಕಲ್ಲಿ ಕಾಣಲ್ಲ, ಆಮೇಲೆ ಪಕ್ಕದಲ್ಲಿರೋದು ಕಾಣಲ್ಲ, ಆಮೇಲೆ..." ಎಂದು ನಿಲ್ಲಿಸಿ, "ನಿಮ್ಮನೇಲಿ ಇನ್ಯಾರಿಗಾದ್ರೂ ಇತ್ತಾ?" ಎಂದು ಕೇಳಿದ್ದರು.

ಇತ್ತು. ಅಮ್ಮನಿಗಿತ್ತು. ನಲವತ್ತು ತುಂಬುವ ಮೊದಲೇ ಅಮ್ಮ ಕಿಟಕಿ ಪಕ್ಕದ ಮಂಚಕ್ಕೆ ಅಂಟಿಕೊಂಡಿದ್ದಳು. ಯಾರೂ ಅವಳನ್ನು ಹೀನಾಯವಾಗಿ ಕಂಡವರಲ್ಲ. ಕಂಡಿದ್ದರೆ ಚೆನ್ನಾಗಿತ್ತೇನೋ ಎಂದು ಗುಬ್ಬಿಗೆ ಎಷ್ಟೋ ಸಲ ಅನ್ನಿಸಿದೆ. ನೀರು ಬೇಕೆಂದರೆ ನಾಲ್ಕು ಜನ ಓಡುತ್ತಿದ್ದರು. ಈರುಳ್ಳಿ ಹೆಚ್ಚುತ್ತೇನೆಂದು ಚಾಕು ಹಿಡಿದರೆ, "ಅಯ್ಯೋ, ನಿನಗ್ಯಾಕಮ್ಮ" ಎಂದು ಕಿತ್ತುಕೊಳ್ಳುತ್ತಿದ್ದರು. ಮೊದಮೊದಲು ಅಮ್ಮ ಜಗಳವಾಡುತ್ತಿದ್ದಳು, ಆಮೇಲೆ ಸುಮ್ಮನಾದಳು. ಸಾಯುವ ಹೊತ್ತಿಗೆ ತನ್ನ ತಲೆ ತಾನೇ ಬಾಚಿಕೊಳ್ಳುವುದನ್ನೂ ಮರೆತಿದ್ದಳು. ಗುಬ್ಬಿ ಹೆದರಿದ್ದು ಕುರುಡುತನಕ್ಕಲ್ಲ, ಆ ಮಂಚಕ್ಕೆ.

ರಸ್ತೆ ದಾಟುವ ಕಡೆ ಸಿಗ್ನಲ್ ಕಂಬವೇ ಸದ್ದು ಮಾಡಿ ಕರೆಯುವ ಊರುಗಳಿವೆ, ಕಣ್ಣಿಲ್ಲದವರು ಒಬ್ಬರೇ ಕೆಲಸಕ್ಕೆ ಹೋಗಿಬರುವ ದೇಶಗಳಿವೆ ಎಂದು ಅವಳು ಓದಿದ್ದಳು. ಲಾರಿ, ಹಡಗುಗಳ ಲೆಕ್ಕಾಚಾರ ತಲೆಯಲ್ಲಿ ನಡೆಯುವಂಥದ್ದು, ಅದಕ್ಕೆ ಕಣ್ಣೇ ಬೇಕೆಂದಿಲ್ಲ. ಕಣ್ಣಿರುವಾಗಲೇ ಅಂಥ ಕಡೆ ಹೋಗಿ, ಓದಿ, ದಾರಿಗಳನ್ನು ಕಾಲಿಗೆ ರೂಢಿ ಮಾಡಿಕೊಂಡುಬಿಡಬೇಕು. ಇದಿಷ್ಟೇ ಅವಳ ಯೋಜನೆ. ಅಣ್ಣನಿಗಾಗಲಿ ಅತ್ತಿಗೆಗಾಗಲಿ ತುಟಿ ಬಿಚ್ಚಿರಲಿಲ್ಲ.

ಎರಡು ಕಡೆ ಸೀಟು ಸಿಕ್ಕಿತು. ಒಂದು ಬೆಟ್ಟದ ಮೇಲಿನ ಹಳೆಯ ಕಾಲೇಜು, ಲೋಕವೆಲ್ಲ ಬಲ್ಲ ಹೆಸರು. ಇನ್ನೊಂದು ಬಂದರು ಪಟ್ಟಣದ್ದು. ಅದರ ಹೆಸರು ಹೇಳಿದರೆ ಜನ "ಎಲ್ಲಿ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಗುಬ್ಬಿ ಎರಡೂ ಕಾಲೇಜಿನವರಿಗೆ ತನ್ನ ಕಣ್ಣಿನ ವಿಷಯ ಮುಚ್ಚುಮರೆಯಿಲ್ಲದೆ ಬರೆದಳು. ಬೆಟ್ಟದವರು ಬಹಳ ಸೌಜನ್ಯದಿಂದ ಉತ್ತರಿಸಿದರು: ಪುರಾತನ ಕಟ್ಟಡ, ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ, ಆದರೂ ತಮ್ಮನ್ನು ಸ್ವಾಗತಿಸಲು ಕಾತರರಾಗಿದ್ದೇವೆ. ಬಂದರಿನ ಕಾಲೇಜಿನ ಕಚೇರಿಯಿಂದ ಒಬ್ಬ ಹೆಂಗಸು ತಾನೇ ಫೋನ್ ಮಾಡಿದಳು.

"ನಮ್ಮೂರು ನೋಡೋಕೆ ಏನೂ ಚೆನ್ನಾಗಿಲ್ಲ" ಎಂದಳು. "ಆದ್ರೆ ಸಮತಟ್ಟಾಗಿದೆ. ಮೆಟ್ಟಿಲಿರೋ ಕಡೆ ಅಂಚಿಗೆ ಹಳದಿ ಬಣ್ಣ ಹೊಡೆದಿದೀವಿ."

ಇತ್ತ ಅಣ್ಣ ಬೆಟ್ಟದ ಕಾಲೇಜಿನ ಸುದ್ದಿಯನ್ನು ಆಗಲೇ ಬಸ್ಸಿಡೀ ಡಂಗುರ ಹೊಡೆದಾಗಿತ್ತು. ಎರಡನೆಯದರ ಮಾತೆತ್ತಿದ್ದೇ ತಡ, ತಟ್ಟೆಯ ಮುಂದಿನಿಂದ ಎದ್ದುಬಿಟ್ಟ.

"ತಲೆ ಕೆಟ್ಟಿದೆಯಾ ನಿನಗೆ? ಆ ಹೆಸರು ಕೇಳಿದ್ರೆ ಸಾಕು, ನಾಳೆ ಕೆಲಸ ಕೊಡೋರು ಕುರ್ಚಿ ಬಿಟ್ಟು ಏಳ್ತಾರೆ. ಇದಕ್ಕೇನಿದೆ?"

"ಊರು ಚಿಕ್ಕದು. ಓಡಾಡೋಕೆ ಸುಲಭ."

"ಓಡಾಡೋಕೆ ಪಾರ್ಕಿಗೆ ಹೋಗು, ಕಾಲೇಜು ಯಾಕೆ?"

ಅತ್ತಿಗೆ ನಕ್ಕಳು. ಗುಬ್ಬಿಯೂ ನಕ್ಕಳು. ಉತ್ತರ ಕೊಡಬೇಕಾದ ಕೊನೆಯ ದಿನಕ್ಕೆ ಇನ್ನೂ ಸಮಯವಿತ್ತು.

ಅಪಘಾತ ಆದದ್ದು ಅದೇ ವಾರ, ಸಂಜೆ ಶಿಫ್ಟು ಬಿಟ್ಟ ಮೇಲೆ. ಗುಬ್ಬಿ ಎಂದಿನಂತೆ ಎಡಗಡೆ ಮೊದಲ ಸೀಟಿನಲ್ಲಿ ಕೂತಿದ್ದಳು. ಹೊತ್ತು ಮುಳುಗಿ ರಸ್ತೆ ಬೂದು ಬಣ್ಣಕ್ಕೆ ತಿರುಗಿತ್ತು. ಅಣ್ಣ ಬಸ್ಸನ್ನು ಎಡಕ್ಕೆ ತಿರುಗಿಸಿದ. ಹಿಂದಿನಿಂದ "ಮಾಲಿ! ಮಾಲಿ!" ಎಂದು ಜನ ಒಮ್ಮೆಲೇ ಕಿರುಚಿದರು. ಏನೋ ತಗಡು ಮುದುರಿದ ಸದ್ದು. ಬ್ರೇಕಿಗೆ ಗುಬ್ಬಿಯ ಹಣೆ ಮುಂದಿನ ಕಂಬಿಗೆ ಬಡಿಯಿತು.

"ಎಲ್ಲಿಂದ ಬಂದ ಅವನು? ಎಲ್ಲಿಂದ ಬಂದ?" ಅಣ್ಣ ಅದನ್ನೇ ಬಡಬಡಿಸುತ್ತಿದ್ದ.

ಕಾರ್ಖಾನೆಯ ತೋಟದ ಮಾಲಿ ಎಲ್ಲಿಂದಲೂ ಬಂದಿರಲಿಲ್ಲ. ಗೇಟಿನಿಂದಲೂ ಬಸ್ಸಿನ ಪಕ್ಕದಲ್ಲೇ ಸೈಕಲ್ಲು ತುಳಿಯುತ್ತಿದ್ದ. ಎಡಸಾಲಿನಲ್ಲಿ ಕೂತವರೆಲ್ಲ ಅವನನ್ನು ನೋಡಿದ್ದರು, ಒಬ್ಬಾತ ಕೈ ಬೀಸಿ ಮಾತಾಡಿಸಿಯೂ ಇದ್ದ. ನೋಡದಿದ್ದವರು ಇಬ್ಬರೇ. ಗುಬ್ಬಿ ಕೆಳಗಿಳಿದಾಗ ಅಣ್ಣ ರಸ್ತೆಯಲ್ಲಿ ನಿಂತು ಬಿದ್ದವನನ್ನು ಹುಡುಕುತ್ತಿದ್ದ, ಕತ್ತು ಓರೆ ಮಾಡಿ, ಗಲ್ಲ ಮುಂದೆ ಚಾಚಿ. ಮಾಲಿ ಅವನ ಕಾಲ ಬುಡದಲ್ಲೇ ನರಳುತ್ತಿದ್ದ.

ಮಾಲಿಯ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಅಣ್ಣ ಮುಖ ತೊಳೆಯುತ್ತಿದ್ದಾಗ ಗುಬ್ಬಿ ಅವನ ಪಕ್ಕ ನಿಂತು, ಕಿವಿಯ ಹತ್ತಿರ ಕೈ ಹಿಡಿದಳು.

"ಅಣ್ಣ, ಎಷ್ಟು ಬೆರಳು?"

ಅವನು ನಲ್ಲಿಯನ್ನೇ ನೋಡುತ್ತ ನಿಂತ. ನಲ್ಲಿ ನಿಲ್ಲಿಸಿ, "ನೀನು ಯಾಕೆ ಪ್ರತಿ ದಿನ ಟೇಬಲ್ ಮೂಲೆಗೆ ಸೊಂಟ ತಗಲಿಸ್ಕೋತೀಯ, ಅದನ್ನ ಮೊದಲು ಹೇಳು" ಎಂದ.

ಅಲ್ಲಿಗೆ ಇಬ್ಬರಿಗೂ ಎಲ್ಲ ಗೊತ್ತಾಯಿತು.

"ಎಷ್ಟು ದಿನದಿಂದ?" ಎಂದಳು ಗುಬ್ಬಿ.

"ಎರಡು ವರ್ಷ. ಹೆಚ್ಚೂ ಇರಬಹುದು." ಧ್ವನಿ ತಗ್ಗಿಸಿದ. "ನಾಳೆ ಮ್ಯಾನೇಜರ್ ನಿನ್ನನ್ನೂ ಕರೀತಾರೆ, ಮುಂದಿನ ಸೀಟಲ್ಲಿದ್ದೆ ಅಂತ. ಸೈಕಲ್ಲಿಗೆ ದೀಪ ಇರಲಿಲ್ಲ ಅಂದುಬಿಡು. ನಿಜವಾಗ್ಲೂ ಇರಲಿಲ್ಲ. ಇನ್ಮೇಲೆ ಬೆಳಗಿನ ಶಿಫ್ಟ್ ಮಾತ್ರ ಓಡಿಸ್ತೀನಿ, ನಿನ್ನಾಣೆ."

ಗುಬ್ಬಿ ಅವನ ಕೈಗೆ ಟವೆಲು ಕೊಟ್ಟು ಒಳಗೆ ಹೋದಳು.

ಮರುದಿನ ಇಬ್ಬರನ್ನೂ ಮ್ಯಾನೇಜರ ಕೋಣೆಗೆ ಕರೆಸಿದರು. ಮಾಲಿಯ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಕೂರಲು ಯಾರೂ ಹೇಳಿರಲಿಲ್ಲ. ಮ್ಯಾನೇಜರ್ ಆಗಲೇ ತೀರ್ಮಾನಕ್ಕೆ ಬಂದಂತಿತ್ತು. "ದೀಪ ಇಲ್ಲದ ಸೈಕಲ್ಲು, ಮಬ್ಬು ಬೇರೆ. ಡ್ರೈವರ್ ಆದ್ರೂ ಏನು ಮಾಡ್ತಾನೆ? ನೀವು ಏನು ನೋಡಿದ್ರಿ, ಹೇಳಿ ಮೇಡಂ."

"ಏನೂ ನೋಡಲಿಲ್ಲ."

"ಅದೇ ನಾನು ಹೇಳಿದ್ದು, ಕಾಣೋ ಹಾಗಿರಲಿಲ್ಲ—"

"ಹಾಗಲ್ಲ ಸರ್." ಅಣ್ಣ ತನ್ನ ಯಾವ ಕಡೆ ನಿಂತಿದ್ದಾನೆಂಬುದು ಅವಳಿಗೆ ತಿಳಿದಿರಲಿಲ್ಲ, ತಿರುಗಿ ನೋಡಲೂ ಇಲ್ಲ. "ಹಿಂದೆ ಕೂತೋರಿಗೆಲ್ಲ ಕಾಣಿಸ್ತು. ನನಗೆ ಪಕ್ಕದಲ್ಲಿರೋದು ಕಾಣಲ್ಲ, ಕಾಯಿಲೆ. ಅಣ್ಣನಿಗೂ ಅದೇ ಕಾಯಿಲೆ."

ಅಣ್ಣ ಜೇಬಿನಿಂದ ಬಸ್ಸಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ.

ಆಮೇಲಿನದೆಲ್ಲ ಬೇಗ ಬೇಗ ನಡೆದುಹೋಯಿತು. ಅಣ್ಣನ ಕೆಲಸ ಹೋಯಿತು, ಲೈಸೆನ್ಸು ರದ್ದಾಯಿತು, ಪೊಲೀಸು, ಕೋರ್ಟು ಎಂದು ಅಲೆದಾಟ ಶುರುವಾಯಿತು. ಮಾಲಿಯ ಚಿಕಿತ್ಸೆಯ ಖರ್ಚನ್ನು ಕಂಪನಿ ವಹಿಸಿಕೊಂಡಿತು. ಕಾಲು ಕೂಡಿತಾದರೂ ಮೊದಲಿನಂತಾಗಲಿಲ್ಲ. ಗುಬ್ಬಿಯ ಕೆಲಸ ಉಳಿಯಿತು, ಆದರೆ ಗೋದಾಮಿಗೆ ಹೋದರೆ ಯಾರಾದರೊಬ್ಬರು ಓಡಿಬಂದು ತೋಳು ಹಿಡಿಯತೊಡಗಿದರು. "ನಿಮಗ್ಯಾಕೆ ಮೇಡಂ, ನಾವು ನೋಡ್ಕೋತೀವಿ." ಎಲ್ಲರೂ ಒಳ್ಳೆಯವರೇ.

ಅತ್ತಿಗೆ ಮಾತ್ರ ಒಳ್ಳೆಯತನ ತೋರಿಸಲು ಹೋಗಲಿಲ್ಲ. "ನನ್ನ ಗಂಡನ ಕೈಯಿಂದ ಸ್ಟೇರಿಂಗ್ ಕಿತ್ಕೊಂಡಾಯ್ತಲ್ಲ" ಎಂದಳು ಒಂದು ಬೆಳಗ್ಗೆ, ಪಾತ್ರೆ ತಿಕ್ಕುತ್ತ. "ಇನ್ನು ನೀನು ವಿಮಾನ ಹತ್ತು ತಾಯಿ. ಇಲ್ಲಿ ಇವರ ಕೈ ಹಿಡ್ಕೊಂಡು ನಡೆಸೋಕೆ ನಾನಿದೀನಿ."

"ಅತ್ತಿಗೆ, ಸುಮ್ಮನಿದ್ದಿದ್ರೆ ನಾಳೆ ಇನ್ಯಾರೋ ಸಾಯ್ತಿದ್ರು."

"ಗೊತ್ತು. ಅದು ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?" ಪಾತ್ರೆಯನ್ನು ದಡಾರನೆ ಕುಕ್ಕಿದಳು. "ನೀನು ನನಗೆ ಒಂದು ಮಾತು ಮುಂಚೆ ಹೇಳಬಹುದಿತ್ತು. ಇಬ್ಬರಲ್ಲಿ ಒಬ್ಬರಾದ್ರೂ ಹೇಳಬಹುದಿತ್ತು."

ಅಂದಿನಿಂದ ಅತ್ತಿಗೆ ಅವಳ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ಬಟ್ಟೆ ಮಡಚಿಡುತ್ತಿದ್ದಳು, ಮಾತಿಲ್ಲ.

ಕಾಲೇಜುಗಳಿಗೆ ಉತ್ತರ ಕೊಡುವ ದಿನ ಹತ್ತಿರವಾಯಿತು. ಹೋಗುವುದೇ ಬೇಡವೆಂದು ಗುಬ್ಬಿ ಒಳಗೊಳಗೇ ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅಣ್ಣ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಅಷ್ಟು ದಿನ ಅವನೂ ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಬೆಟ್ಟದವರಿಗೆ ಹೂಂ ಅಂದ್ಯಾ?"

"ಇಲ್ಲ."

"ಅಲ್ಲಿ ಮೆಟ್ಟಿಲು ಜಾಸ್ತಿ ಅಲ್ವಾ?"

"ಬರೀ ಮೆಟ್ಟಿಲೇ. ಕಪ್ಪು ಕಲ್ಲು. ಚಳಿಗಾಲದಲ್ಲಿ ಮಧ್ಯಾಹ್ನದ ಚಹಾ ಹೊತ್ತಿಗೆಲ್ಲ ಕತ್ತಲಂತೆ."

ಅಣ್ಣ ಚೌಕಟ್ಟನ್ನು ಸವರುತ್ತ ನಿಂತ. "ಮತ್ತೆ ಇನ್ನೇನು ಯೋಚನೆ? ಆ ಇನ್ನೊಂದಕ್ಕೇ ಹೋಗು."

"ನೀನು?"

"ನನ್ನ ವಿಷಯ ಬಿಡು. ಅಮ್ಮನ ಮಕ್ಕಳಲ್ಲಿ ಒಬ್ಬರಾದ್ರೂ ಹೊರಗೆ ಓಡಾಡ್ಕೊಂಡಿರಲಿ." ತಿರುಗಿ ಹೋಗುವಾಗ, "ನಿನ್ನ ಮೇಲೆ ಸಿಟ್ಟು ಹೋಗಿಲ್ಲ ನನಗೆ. ಅದು ಬೇರೆ, ಇದು ಬೇರೆ" ಎಂದ.

ಅವಳು ಹೋದಳು.

ಸಮತಟ್ಟಾದ ಊರು ಅವಳ ಕಾಲುಗಳನ್ನು ಕಾಪಾಡಿತು, ಮಿಕ್ಕಿದ್ದನ್ನಲ್ಲ. ಬಂದರಿನ ಗಾಳಿ ಎಲುಬು ಕೊರೆಯುತ್ತಿತ್ತು. ಬಿಳಿಕೋಲನ್ನು ಮೊದಲ ತಿಂಗಳೆಲ್ಲ ಚೀಲದಲ್ಲೇ ಬಚ್ಚಿಟ್ಟಿದ್ದಳು. ಗುಂಪು ಕಟ್ಟಿಕೊಂಡು ಮಾಡುವ ಕೆಲಸಗಳಲ್ಲಿ ಸಹಪಾಠಿಗಳು ಅವಳನ್ನು ಕೊನೆಗೆ ಸೇರಿಸಿಕೊಳ್ಳುತ್ತಿದ್ದರು, ಅತಿ ಚಿಕ್ಕ ಪಾಲು ಕೊಡುತ್ತಿದ್ದರು. ಅಣ್ಣ ಹೇಳಿದ್ದೂ ಸುಳ್ಳಾಗಿರಲಿಲ್ಲ. ಕಾಲೇಜಿನ ಹೆಸರು ಕೇಳಿ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಓದು ಮುಗಿದ ಮೇಲೂ ಬಹಳ ಕಾಲ ಕೆಲಸವಿಲ್ಲದೆ ಅಲೆದಳು. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಔಷಧಿ ದಾಸ್ತಾನಿನ ಹೊಣೆ ಸಿಕ್ಕಿತು. ಅಷ್ಟು ಹೊತ್ತಿಗೆ ಅವಳ ನೋಟ ಕೀಲಿಕಂಡಿಯಷ್ಟಾಗಿತ್ತು. ಆದರೆ ಬೆಳಗ್ಗೆ ಎದ್ದು, ತನ್ನ ಚಹಾ ತಾನೇ ಕಾಸಿಕೊಂಡು, ಒಬ್ಬಳೇ ಟ್ರಾಮು ಹತ್ತುತ್ತಿದ್ದಳು.

ಭಾನುವಾರ ಅಣ್ಣನಿಗೆ ಫೋನ್ ಮಾಡುತ್ತಿದ್ದಳು. ಅತ್ತಿಗೆ ಈಗ ಅದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿದ್ದಳು, ಅಣ್ಣ ಮನೆಯಲ್ಲಿ.

"ಕೋಲು ಹಿಡಿದು ಅಭ್ಯಾಸ ಮಾಡ್ಕೋ ಅಣ್ಣ."

"ಇಲ್ಲಿನ ಫುಟ್‌ಪಾತಲ್ಲಿ ಕಣ್ಣಿದ್ದೋರೇ ಬೀಳ್ತಾರೆ, ಕೋಲು ತಗೊಂಡು ಏನು ಮಾಡ್ಲಿ?"

ಇಬ್ಬರೂ ನಗುತ್ತಿದ್ದರು. ನಕ್ಕಾದ ಮೇಲೆ ಅಣ್ಣ ಫೋನ್ ಇಟ್ಟುಬಿಡುತ್ತಿದ್ದ.

ಕೆಲಸ ಸಿಕ್ಕಿ ಮೂರು ವರ್ಷಗಳ ಮೇಲೆ ಒಂದಿಷ್ಟು ದಿನ ರಜೆ ಹಾಕಿ ಅವಳು ಊರಿಗೆ ಬಂದಳು. ವಿಮಾನ ನಿಲ್ದಾಣದ ಹೊರಗೆ ಜಾತ್ರೆಯಂತೆ ಜನ. ಪೆಟ್ಟಿಗೆ ಎಳೆದುಕೊಂಡು, ಕೋಲಾಡಿಸುತ್ತ ಬಂದು ಒಂದು ಕಡೆ ನಿಂತಳು. ಅಣ್ಣ ಬಂದಿರುತ್ತೇನೆ ಎಂದಿದ್ದ. ಕತ್ತು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಕೀಲಿಕಂಡಿಯಲ್ಲಿ ಯಾರದೋ ಅಂಗಿ, ಯಾರದೋ ಕೈ.

"ಗುಬ್ಬೀ!" ಎಂದು ಯಾರೋ ಕೂಗಿದರು. "ಗುಬ್ಬೀ, ಎಲ್ಲಿದೀಯಾ?" ಧ್ವನಿ ತೀರ ಹತ್ತಿರವಿತ್ತು. "ಇಲ್ಲೇ ಅಣ್ಣ, ಇಲ್ಲೇ ಇದೀನಿ" ಎಂದು ಇವಳೂ ಕೂಗಿ, ಖಾಲಿ ಗಾಳಿಯಲ್ಲಿ ಕೈ ಚಾಚಿದಳು. ಅವನು ಇನ್ನೊಂದು ದಿಕ್ಕಿಗೆ ಕೈ ಚಾಚಿರಬೇಕು.

ಆಗ ಒರಟಾದ ಒಂದು ಕೈ ಅವಳ ಮುಂಗೈ ಹಿಡಿದು, ಎಳೆದು, ಅಣ್ಣನ ಕೈಯಲ್ಲಿ ಇಟ್ಟಿತು.

"ಪಕ್ಕಪಕ್ಕದಲ್ಲೇ ನಿಂತ್ಕೊಂಡು ಊರಿಗೆಲ್ಲ ಕೇಳೋ ಹಾಗೆ ಕಿರುಚ್ತಾ ಇದೀರಲ್ಲ" ಎಂದಳು ಅತ್ತಿಗೆ. ಅಷ್ಟು ವರ್ಷಗಳಲ್ಲಿ ಗುಬ್ಬಿಯ ಜೊತೆ ಅವಳಾಡಿದ ಮೊದಲ ಮಾತು ಅದು. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡಳು. "ಮುಂದೆ ಇಳಿಜಾರಿದೆ. ನಿಧಾನ ಬನ್ನಿ, ಇಬ್ಬರೂ."